ಆಪ್ತಸಲಹೆ ಪ್ರಕರಣ: ನಲವತ್ಮೂರು ಪುಟಗಳ ಚಿಂತೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಕಲಬುರಗಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ಉಪನ್ಯಾಸಕರೊಬ್ಬರು ಪತ್ನಿಯ ಒತ್ತಾಯಕ್ಕೆ ಮಣಿದು ನನ್ನಲ್ಲಿಗೆ ಬಂದರು. ಇಂಗ್ಲಿಷಿನಲ್ಲೇ ಬರೆದ ಪತ್ತೇದಾರಿ ಕಾದಂಬರಿಯನ್ನು ಅವರು ಅಮೆಜಾನ್ ಕಿಂಡಲ್‌ನಲ್ಲಿ ಪ್ರಕಟಿಸಿ, ಚಂದಾ ಕಟ್ಟಿದವರು ಪುಸ್ತಕಗಳನ್ನು ಬಿಡಿಬಿಡಿಯಾಗಿ ಕೊಳ್ಳದೆ ಓದಬಹುದಾದ ಕಿಂಡಲ್ ಅನ್‌ಲಿಮಿಟೆಡ್‌ಗೂ ಸೇರಿಸಿದ್ದರು. "ರಾತ್ರಿ ಎರಡಕ್ಕ ಎದ್ದು ಮೊಬೈಲ್ ನೋಡ್ತಾರ್ರಿ ಮೇಡಂ, ಮುಂಜಾನೆ ಯಾರ ಜೋಡಿನೂ ಮಾತಾಡಂಗಿಲ್ಲ" ಎಂದರು ಪತ್ನಿ.

ಚಂದಾದಾರರು ಎಷ್ಟು ಪುಟ ಓದಿದರೆಂದು ಅಮೆಜಾನ್ ಲೇಖಕರಿಗೆ ಕೊಡುವ ವರದಿ, ಹಿಂದಿನ ದಿನಕ್ಕೆ 43 ಪುಟ ಎಂದು ತೋರಿಸುತ್ತಿತ್ತು. ಓದುಗನೊಬ್ಬ 43ನೇ ಪುಟಕ್ಕೆ ಬೇಸತ್ತು ಪುಸ್ತಕ ಮುಚ್ಚಿದನೆಂದು ನಂಬಿ, ಅವರು ಆ ಅಧ್ಯಾಯವನ್ನು ಮೂರು ಸಲ ತಿದ್ದಿ ಬರೆದಿದ್ದರು. ವಾಸ್ತವದಲ್ಲಿ ಅದು ಆ ದಿನದ ಒಟ್ಟು ಪುಟಗಳ ಲೆಕ್ಕ. ಒಬ್ಬರು ಓದಿದರೋ ನಾಲ್ವರು ಓದಿದರೋ ಅದರಿಂದ ತಿಳಿಯದು. ಇಂಟರ್ನೆಟ್ ಇಲ್ಲದೆ ಓದಿದ ಪುಟಗಳಂತೂ ಮತ್ತೆ ಸಂಪರ್ಕ ಬಂದ ಮೇಲಷ್ಟೇ ಲೆಕ್ಕಕ್ಕೆ ಸೇರುತ್ತವೆ. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು.

ಎರಡನೆಯ ತೊಡಕು ಹಣದ್ದು. "ಚಂದಾ ಬಿಟ್ಟು ನೇರ ಮಾರಿದ್ರ ಪೂರ್ತಿ ರೊಕ್ಕ ನಿಮ್ದೇ" ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ, ತಾವು ಮೋಸಹೋದೆವೆಂಬ ಕೊರಗು ಅಂಟಿಕೊಂಡಿತ್ತು. ಇಂಥ ಲೆಕ್ಕ ಆಪ್ತಸಲಹೆಗಾರರ ಕೆಲಸವೇ ಎಂದು ಕೆಲವರು ಕೇಳಬಹುದು. ತಪ್ಪು ಲೆಕ್ಕದ ಮೇಲೆ ನಿಂತ ಚಿಂತೆಯನ್ನು ಉಸಿರಾಟದ ಅಭ್ಯಾಸದಿಂದ ಕರಗಿಸಲಾಗದು ಎಂಬುದು ನನ್ನ ಅನುಭವ.

2015ರ ಜುಲೈಯಿಂದ ಚಂದಾ ಓದಿಗೆ ಪುಟವೊಂದಕ್ಕೆ ಇಷ್ಟೆಂದು ಹಣ ಸಲ್ಲುತ್ತದೆ. ಆ ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅವರ ವರದಿಯಂತೆ ಪುಟಕ್ಕೆ ಸುಮಾರು 10 ಪೈಸೆ ಹಿಡಿದರೆ, 240 ಪುಟಗಳನ್ನು ಪೂರ್ತಿ ಓದಿದಾಗ 24 ರೂಪಾಯಿ. 149 ರೂಪಾಯಿಯ ಪುಸ್ತಕ ಮಾರಾಟವಾದರೆ, ತೆರಿಗೆಯನ್ನೂ ಕಡತದ ರವಾನೆ ವೆಚ್ಚವನ್ನೂ ಕಳೆದು, ಶೇ. 70ರ ಗೌರವಧನದಲ್ಲಿ (ರಾಯಲ್ಟಿ) ಲೇಖಕರಿಗೆ 80 ರೂಪಾಯಿಗೂ ಸ್ವಲ್ಪ ಹೆಚ್ಚು. ಆದರೆ ಭಾರತದ ಮಾರಾಟಕ್ಕೆ ಈ ಶೇ. 70 ಸಿಗುವುದು ಚಂದಾ ಯೋಜನೆಯ ಒಳಗಿರುವ ಪುಸ್ತಕಗಳಿಗೆ ಮಾತ್ರ, ಹೊರಬಂದರೆ ಶೇ. 35, ಅಂದರೆ ಸುಮಾರು 44 ರೂಪಾಯಿ. ಸಹೋದ್ಯೋಗಿಗೆ ಗೊತ್ತಿರದ ಸಂಗತಿ ಇದು. ಪಿಡಿಎಫ್ ಮಾಡಿ ಯುಪಿಐ ಮೂಲಕ ತಾವೇ ಮಾರಿದರೆ ಹೆಚ್ಚಿನ ಪಾಲು ಕೈಗೆ ಬರುತ್ತದೆ, ನಿಜ. ಕೊಳ್ಳುವವರ ಪಟ್ಟಿ ಬರೆಯಿರಿ ಎಂದಾಗ ಹನ್ನೊಂದನೆಯ ಹೆಸರಿಗೆ ಅವರ ಪೆನ್ನು ನಿಂತಿತು, ಅದರಲ್ಲಿ ನಾಲ್ವರು ಬೀಗರು.

ಯೋಜನೆಯ ಅವಧಿ 90 ದಿನ; ಅಷ್ಟು ಕಾಲ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ, ಮುದ್ರಿತ ಪ್ರತಿಗೆ ಆ ನಿರ್ಬಂಧವಿಲ್ಲ. ಆದ್ದರಿಂದ ಅವಧಿ ಮುಗಿಯುವ ತನಕ ಯಾವ ನಿರ್ಧಾರವೂ ಬೇಡ, ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಮಾತ್ರ ಈಗಲೇ ತೆಗೆದಿಡಿ, ವರದಿಯನ್ನು ತಿಂಗಳಿಗೊಮ್ಮೆ ಪತ್ನಿಯ ಜೊತೆ ಕೂತು ಹಗಲಿನಲ್ಲಿ ನೋಡಿ, ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿರಲಿ ಎಂದು ಸಲಹೆ ನೀಡಿದೆ.

ಮೂರನೆಯ ಭೇಟಿಗೆ ಅವರು ಮುದ್ರಣಾಲಯದ ದರಪಟ್ಟಿ ತಂದಿದ್ದರು. ರಾತ್ರಿ ಎಚ್ಚರವಾಗುವುದು ಇನ್ನೂ ನಿಂತಿಲ್ಲ. ಆದರೆ ಅಡುಗೆಮನೆಗೆ ಹೋದವರು ನೀರು ಕುಡಿದು ವಾಪಸ್ ಬರುತ್ತಾರಂತೆ.