ಕುತ್ತಿಗೆ ಶಸ್ತ್ರಚಿಕಿತ್ಸೆಯ ಬಳಿಕ ಮುಖಕ್ಕೆ ಕರೆಂಟ್ ಹೊಡೆದಂಥ ನೋವು: ಪ್ಲೇಟ್ ತೆಗೆಸಬೇಕೆ?

ಪ್ರಶ್ನೆ: ನನಗೆ 52 ವರ್ಷ. ಕೈಮಗ್ಗದಲ್ಲಿ ಖಣ ನೇಯುತ್ತೇನೆ. ಎಡಗೈ ಜೋಮು ಹಿಡಿದು ನೋಯುತ್ತಿದ್ದುದರಿಂದ ಐದು ತಿಂಗಳ ಹಿಂದೆ ಕುತ್ತಿಗೆಯ ಮುಂಭಾಗದಿಂದ ಆಪರೇಷನ್ ಮಾಡಿ, 5 ಮತ್ತು 6ನೇ ಮಣಿಗಳ ನಡುವಿನ ಡಿಸ್ಕ್ ತೆಗೆದು ಪ್ಲೇಟ್ ಕೂರಿಸಿದ್ದಾರೆ. ಕೈನೋವು ಹೋಯಿತು. ಆದರೆ ಮೂರು ತಿಂಗಳಿಂದ ಎಡಗಡೆ ಹಿಂದಲೆಯಲ್ಲಿ ಶುರುವಾಗುವ ನೋವು ಕಣ್ಣಿನವರೆಗೆ ಬರುತ್ತದೆ. ಖಡಕ್ ರೊಟ್ಟಿ ಅಗಿಯುವಾಗ, ಮುಖ ತೊಳೆಯುವಾಗ ಎಡ ದವಡೆಗೆ ಕರೆಂಟ್ ಹೊಡೆದಂತಾಗುತ್ತದೆ. ದಿನಾ ನೋವಿನ ಗುಳಿಗೆ ನುಂಗುತ್ತಿದ್ದೇನೆ. ಮುಖದ ನರಕ್ಕೆ ಪೆಟ್ಟಾಗಿದೆಯೇ? ಪ್ಲೇಟ್ ತೆಗೆಸಬೇಕೇ?
– ಓದುಗರು, ಗುಳೇದಗುಡ್ಡ

ನರರೋಗ ತಜ್ಞರ ಉತ್ತರ: ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ನೋವುಗಳಿವೆ, ಎರಡಕ್ಕೂ ಒಂದೇ ಕಾರಣ ಹುಡುಕಲು ಹೋದರೆ ದಾರಿ ತಪ್ಪುತ್ತದೆ. ಮುಖದ ಸ್ಪರ್ಶ ಮತ್ತು ನೋವನ್ನು ಮಿದುಳಿಗೆ ಮುಟ್ಟಿಸುವುದು ಐದನೆಯ ಕಪಾಲ ನರ. ಅದು ಹೊರಡುವುದು ತಲೆಬುರುಡೆಯೊಳಗೆ, ಮಿದುಳಿನ ಕಾಂಡದಿಂದ. ನಿಮಗೆ ಪ್ಲೇಟ್ ಕೂರಿಸಿರುವ ಜಾಗ ಅದಕ್ಕಿಂತ ಬಹಳ ಕೆಳಗಿದೆ. ಅಲ್ಲಿನ ಪ್ಲೇಟ್ ಆ ನರವನ್ನು ಒತ್ತುವುದು ಸಾಧ್ಯವಿಲ್ಲ. ಮುಖದ ಚಲನೆಯನ್ನು ನೋಡಿಕೊಳ್ಳುವ ಏಳನೆಯ ನರವೇ ಬೇರೆ. ಬಾಯಿ ಸೊಟ್ಟಗಾಗದೆ, ಕಣ್ಣು ಪೂರ್ತಿ ಮುಚ್ಚುತ್ತಿದ್ದರೆ ಅದಕ್ಕೂ ಪೆಟ್ಟಾಗಿಲ್ಲವೆಂದೇ ತಿಳಿಯಬಹುದು.

ಮೊದಲು ಹಿಂದಲೆಯ ನೋವಿನ ವಿಚಾರ. ಕುತ್ತಿಗೆಯ ಮೇಲಿನ ಮೂರು ನರಗಳು ಮತ್ತು ಮುಖದ ಐದನೆಯ ನರ ತರುವ ಸುದ್ದಿ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಕಡೆ ಬಂದು ಸೇರುತ್ತದೆ. ಹೀಗಾಗಿ ಮೇಲಿನ ಕೀಲುಗಳಲ್ಲೋ ಸ್ನಾಯುಗಳಲ್ಲೋ ಹುಟ್ಟಿದ ನೋವನ್ನು ಮಿದುಳು ಹಣೆಯದೆಂದೋ ಕಣ್ಣಿನ ಹಿಂದಿನದೆಂದೋ ತಪ್ಪಾಗಿ ಗುರುತಿಸುತ್ತದೆ. ಒಂದೇ ಮಗ್ಗುಲಿಗಿದ್ದು, ಕುತ್ತಿಗೆ ತಿರುಗಿಸಿದಾಗ ಹೆಚ್ಚಾಗುವ ಇಂಥ ತಲೆನೋವು, ಕಾಲರ್ ಹಾಕಿಕೊಂಡು ವಾರಗಟ್ಟಲೆ ಬಿಗಿಹಿಡಿದ ಸ್ನಾಯುಗಳಿಂದಾಗಲಿ, ಮಗ್ಗದ ಮುಂದೆ ತಲೆ ಬಗ್ಗಿಸಿಕೊಂಡೇ ದಿನ ಕಳೆಯುವುದರಿಂದಾಗಲಿ ಬರಬಹುದು.

ದವಡೆಯ ನೋವು ಬೇರೆಯದೇ ಜಾತಿ. ಕೆಲವು ಕ್ಷಣ, ಹೆಚ್ಚೆಂದರೆ ಎರಡು ನಿಮಿಷ ಇದ್ದು ಹೋಗುವ, ಅಗಿದಾಗ, ಹಲ್ಲುಜ್ಜಿದಾಗ, ಗಾಳಿ ತಾಗಿದಾಗ ಸಿಡಿಯುವ ನೋವು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ಐದನೆಯ ನರದ್ದೇ ನೋವು, ಆಗಿರುವ ಸಾಧ್ಯತೆ ಹೆಚ್ಚು. ಬಹಳಷ್ಟು ಜನರಲ್ಲಿ ಇದಕ್ಕೆ ಕಾರಣ, ಐದನೆಯ ನರದ ಬುಡಕ್ಕೆ ರಕ್ತನಾಳವೊಂದು ಒತ್ತಿಕೊಂಡಿರುವುದು; ಐವತ್ತು ದಾಟಿದವರಲ್ಲಿ ಇದು ಹೆಚ್ಚು. ಆಪರೇಷನ್ ಆದ ಮೇಲೆ ಬಂತು ಎಂದ ಮಾತ್ರಕ್ಕೆ ಆಪರೇಷನ್ನಿನಿಂದಲೇ ಬಂತು ಎನ್ನುವಂತಿಲ್ಲ. ಹಲ್ಲುನೋವೆಂದು ಭಾವಿಸಿ ಗಟ್ಟಿಮುಟ್ಟಾದ ದವಡೆ ಹಲ್ಲುಗಳನ್ನೇ ಕೀಳಿಸಿಕೊಂಡು ಆಮೇಲೆ ನಮ್ಮಲ್ಲಿಗೆ ಬರುವವರೂ ಉಂಟು. ದಂತವೈದ್ಯರಿಗೆ ತೋರಿಸಿ, ಆದರೆ ಕೀಳಿಸಲು ಅವಸರ ಬೇಡ. ಕಿವಿಯ ಹಾಲೆ ಹಾಗೂ ದವಡೆಯ ಮೂಲೆಯಲ್ಲಿ ಬರೀ ಮರಗಟ್ಟಿದಂತಿದ್ದರೆ ಮಾತ್ರ ಕುತ್ತಿಗೆಯ ಚರ್ಮನರವೊಂದು ನೊಂದಿರಬಹುದು. ಅದು ಸಾಮಾನ್ಯವಾಗಿ ತಿಂಗಳುಗಳಲ್ಲಿ ಸುಧಾರಿಸುತ್ತದೆ.

ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞರನ್ನು ಕಂಡು ಮಿದುಳಿನ ಎಂಆರ್‌ಐ ಬಗ್ಗೆ ಕೇಳಿ. ಈಗಿನ ಟೈಟೇನಿಯಂ ಪ್ಲೇಟ್‌ಗಳಿಗೆ ಎಂಆರ್‌ಐ ಸಾಮಾನ್ಯವಾಗಿ ಅಡ್ಡಿಯಲ್ಲ. ಆದರೂ ಡಿಸ್ಚಾರ್ಜ್ ಚೀಟಿ ಮತ್ತು ಪ್ಲೇಟ್‌ನ ಕಾರ್ಡ್ ಜೊತೆಗಿರಲಿ. ನ್ಯೂರಾಲ್ಜಿಯಾ ಎಂದು ಖಚಿತವಾದರೆ ಮೊದಲು ಕೊಡುವ ಔಷಧಿ ಕಾರ್ಬಮಜೆಪಿನ್. ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಹಲವರಿಗೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಮಂಪರು ಬರಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಮೈಮೇಲೆ ಗಂಧೆ ಎದ್ದರೆ ಅಥವಾ ಬಾಯಿ ಹುಣ್ಣಾದರೆ ಗುಳಿಗೆ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಬೇಕು. ಅಂಗಡಿಯಿಂದ ತಂದು ನೀವೇ ಶುರು ಮಾಡುವ ಔಷಧಿ ಇದಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮ ದಿನನಿತ್ಯದ ಗುಳಿಗೆ. ಸಾಮಾನ್ಯ ನೋವಿನ ಗುಳಿಗೆಗಳು ಕರೆಂಟ್ ಹೊಡೆದಂಥ ನೋವಿಗೆ ಕೆಲಸ ಮಾಡುವುದೇ ಇಲ್ಲ. ಮೇಲಾಗಿ, ತಿಂಗಳಿಗೆ 15 ಅಥವಾ ಹೆಚ್ಚು ದಿನದಂತೆ ಮೂರು ತಿಂಗಳಿಗೂ ಮಿಕ್ಕಿ ನುಂಗಿದರೆ, ಗುಳಿಗೆಯೇ ತಲೆನೋವು ತರಬಹುದು. ಮೂತ್ರಪಿಂಡಕ್ಕೂ ಜಠರಕ್ಕೂ ಆಗುವ ಹಾನಿ ಪ್ರತ್ಯೇಕ. ಇದನ್ನು ವೈದ್ಯರ ಸಲಹೆಯಂತೆ ಬಿಡಬೇಕು. ಹಿಂದಲೆಯ ನೋವಿಗೆ ಮೊದಲ ಉಪಾಯ ವ್ಯಾಯಾಮ. ಮಣಿಗಳು ಕೂಡಿಕೊಂಡಿವೆಯೇ ಎಂಬುದನ್ನು ಶಸ್ತ್ರಚಿಕಿತ್ಸಕರು ಎಕ್ಸ್‌ರೇಯಲ್ಲಿ ನೋಡಿ ಒಪ್ಪಿದ ಮೇಲೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮಾಡಿ. ಸಾಲದಿದ್ದರೆ ಹಿಂದಲೆಯ ನರಕ್ಕೆ ಇಂಜೆಕ್ಷನ್ ಕೊಡುವುದೂ ಉಂಟು. ಮಗ್ಗದಲ್ಲಿ ಕೂತಾಗ ಅರ್ಧ ಗಂಟೆಗೊಮ್ಮೆಯಾದರೂ ಎದ್ದು ಅಡ್ಡಾಡಿ. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ತಿರುವಿ ಲಟಿಕೆ ತೆಗೆಸಿಕೊಳ್ಳುವುದು ಮಾತ್ರ ಖಂಡಿತ ಬೇಡ. ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯುವಾದ ಉದಾಹರಣೆಗಳಿವೆ.

ಕೈಯಲ್ಲಿ ಹೊಸದಾಗಿ ಬಲ ಕುಂದಿದರೆ, ಗುಂಡಿ ಹಾಕಲು ಬರದಿದ್ದರೆ, ನಡಿಗೆ ತೊಡರಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದು ಗಾಯ ಸೋರಿದರೆ, ಎದ್ದು ಕೂತಾಗ ಮಾತ್ರ ತಲೆ ಸಿಡಿದರೆ, ಒಂದು ರೆಪ್ಪೆ ಜೋತುಬಿದ್ದರೆ ಅಥವಾ ಹಠಾತ್ತನೆ ಭೀಕರ ತಲೆನೋವು ಬಂದರೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಪ್ಲೇಟ್ ಸಡಿಲಾಗಿರುವುದೋ ಬೆನ್ನುಹುರಿಗೆ ಹೊಸ ಒತ್ತಡವೋ ಚಿತ್ರದಲ್ಲಿ ಕಂಡರೆ ಕುತ್ತಿಗೆಗೆ ಎರಡನೆಯ ಆಪರೇಷನ್ ಯೋಚಿಸಬಹುದು. ನಿಮ್ಮ ದವಡೆಯ ನೋವಿಗಾಗಿ ಪ್ಲೇಟ್ ತೆಗೆಸುವ ಅಗತ್ಯ ನನಗೆ ಕಾಣುವುದಿಲ್ಲ.