ಆಸ್ಟೋರಿಯಾದಲ್ಲಿ ಮನೆ ಮಾಡಬಹುದಾ?

ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿನ ಕ್ವೀನ್ಸ್ ಭಾಗದ ಆಸ್ಟೋರಿಯಾದಲ್ಲಿ ಒಂದು ಬಾಡಿಗೆ ಮನೆ ಇಷ್ಟವಾಗಿದೆ, ಆದರೆ ಅದು ಗ್ರೀಕರ ಏರಿಯಾ ಅಂತಾರೆ, ನಾವು ಸಸ್ಯಾಹಾರಿಗಳು, ನಮ್ಮವರು ಜಾಸ್ತಿ ಇರುವ ನ್ಯೂಜೆರ್ಸಿಗೇ ಹೋಗುವುದು ವಾಸಿಯಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಬನ್ನಿ. ನ್ಯೂಜೆರ್ಸಿಯ ಎಡಿಸನ್ ಕಡೆ ನಮ್ಮ ಸಾಮಾನೆಲ್ಲ ಸಿಗುತ್ತದೆ, ನಿಜ. ಆದರೆ ಕಾರಿಲ್ಲದೆ ಅಲ್ಲಿ ಕೈಕಟ್ಟಿದ ಹಾಗೆ. ಇಲ್ಲಿ ನಡೆದೇ ಎಲ್ಲ ಆಗುತ್ತದೆ. ನನ್ನ ಮಗಳು ಹುಟ್ಟಿ ಬೆಳೆದದ್ದೂ ಇಲ್ಲೇ.

ಗ್ರೀಕರು ಇಲ್ಲಿ ನೆಲೆಯೂರಿದ್ದರ ಹಿಂದೆ ನಮ್ಮ ಕಥೆಯೂ ಇದೆ. 1965ರ ವಲಸೆ ಕಾನೂನು ಬರುವ ಮುಂಚೆ ಅಮೆರಿಕದ ವಾರ್ಷಿಕ ವಲಸೆ ಕೋಟಾ ಗ್ರೀಸಿಗೆ ಸುಮಾರು 300 ಜನ, ಭಾರತಕ್ಕೆ ಬರೀ 100 ಇತ್ತು. ಆ ಕೋಟಾ ತೆಗೆದದ್ದೇ ತಡ, ಹಳ್ಳಿ ಮತ್ತು ದ್ವೀಪಗಳಿಂದ ಗ್ರೀಕರು ಸಾವಿರಗಟ್ಟಲೆ ಬಂದರು. ನಮ್ಮ ಡಾಕ್ಟರು, ಎಂಜಿನಿಯರುಗಳು ಬಂದದ್ದೂ ಅದೇ ಬಾಗಿಲಿನಿಂದ. ಹಾಗಾಗಿ ಹೊರಗಿನವರ ಊರಿಗೆ ಹೋಗುತ್ತಿದ್ದೇವೆ ಅನ್ನುವ ಅಳುಕು ಬೇಡ.

ಈಗ ಇದು ಬರೀ ಗ್ರೀಕರ ಊರೂ ಅಲ್ಲ. ಸ್ಟೈನ್‌ವೇ ಬೀದಿಯ ಒಂದು ತುಂಡಿಗೆ ಲಿಟಲ್ ಈಜಿಪ್ಟ್ ಅಂತಲೇ ಹೆಸರು. 36ನೇ ಅವೆನ್ಯೂ ಕಡೆ ಬಾಂಗ್ಲಾದೇಶದವರ ಅಂಗಡಿಗಳು. ಜೆಕ್ ಮತ್ತು ಸ್ಲೋವಾಕ್ ಜನ 1910ರಲ್ಲಿ ಕಟ್ಟಿದ ಬೊಹೀಮಿಯನ್ ಹಾಲ್ ಅನ್ನುವ ಸಮುದಾಯ ಭವನ ಇನ್ನೂ ನಡೆಯುತ್ತಿದೆ. ಗ್ರೀಕರ ಮಕ್ಕಳು ಎಷ್ಟೋ ಜನ ಬೇಸೈಡ್, ವೈಟ್‌ಸ್ಟೋನ್, ಲಾಂಗ್ ಐಲೆಂಡ್ ಕಡೆ ಮನೆ ಕೊಂಡು ಹೋದರು. ಆದರೂ ಭಾನುವಾರ ಸೇಂಟ್ ಡಿಮಿಟ್ರಿಯೋಸ್ ಚರ್ಚಿಗೆ, ಆಮೇಲೆ ಸಾಮಾನು ಕೊಳ್ಳಲು ಇಲ್ಲಿಗೇ ಬರುತ್ತಾರೆ.

ನೀವೂ ಮೊದಲು ಸಾಮಾನಿನ ಅಂಗಡಿಯಿಂದಲೇ ಶುರುಮಾಡಿ. 31ನೇ ಬೀದಿಯಲ್ಲಿ ಟೈಟನ್ ಫುಡ್ಸ್ ಅಂತ ದೊಡ್ಡ ಗ್ರೀಕ್ ಅಂಗಡಿ ಇದೆ. ಚೀಸ್ ಕೌಂಟರಿನಲ್ಲಿ ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಬಿಳಿ ಫೆಟಾ ಗಡ್ಡೆಗಳು. ಒಂದು ಪುಡಿಪುಡಿ, ಒಂದು ಬೆಣ್ಣೆಯಷ್ಟು ಮೆತ್ತಗೆ, ಇನ್ನೊಂದು ನಾಲಿಗೆ ಜುಂ ಅನ್ನುವಷ್ಟು ಉಪ್ಪು. ರುಚಿ ನೋಡಬಹುದಾ ಅಂತ ಸಂಕೋಚವಿಲ್ಲದೆ ಕೇಳಿ, ಚಾಕುವಿನಿಂದ ಒಂದು ಚೂರು ಕೊಯ್ದು ಕೈಗೆ ಕೊಡುತ್ತಾರೆ. ಕಟ್ಟಾ ಸಸ್ಯಾಹಾರಿಗಳಾದರೆ ಒಂದು ಮಾತು: ಎಷ್ಟೋ ಚೀಸುಗಳಲ್ಲಿ ಹಾಲು ಒಡೆಸಲು ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅದನ್ನೂ ಕೇಳಿಯೇ ಕೊಳ್ಳಿ.

ಊಟದ ಚಿಂತೆ ನಿಜಕ್ಕೂ ಬೇಡ. ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಉಪವಾಸದ ದಿನಗಳು ಬಹಳ. ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹಾಗಾಗಿ ಅವರ ಅಡುಗೆಯಲ್ಲಿ ನಮಗೆ ಆಗುವಂಥದ್ದು ತುಂಬ ಇದೆ. ದೊಡ್ಡ ಬಿಳಿ ಅವರೆಕಾಳಿನಂಥ ಬೀನ್ಸನ್ನು ಟೊಮೆಟೊ ಜೊತೆ ಓವನ್ನಿನಲ್ಲಿ ಬೇಯಿಸಿದ ಗಿಗಾಂಡೆಸ್, ಹಳದಿ ಬೇಳೆ ನುಣ್ಣಗೆ ಮಸೆದು ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕುವ ಫಾವಾ, ಬೇಯಿಸಿದ ಸೊಪ್ಪಿಗೆ ನಿಂಬೆರಸ ಹಿಂಡಿದ ಹೋರ್ತಾ. ನನ್ನ ಹೆಂಡತಿ ಇಲ್ಲಿಗೆ ಬಂದ ಹೊಸದರಲ್ಲಿ ಫಾವಾ ತಿಂದೇ ಗೆದ್ದಳು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದೆಸ್‌ನಲ್ಲಿ ಮಾತ್ರ ಕೆಲವು ಕಡೆ ಕೈಮಾ ಇರುತ್ತದೆ, ಕೇಳಿ ತಿನ್ನಿ. ನಿಂಬೆ ಸೂಪು ಅಂತ ಅವ್ಗೊಲೆಮೊನೊ ತರಿಸಬೇಡಿ. ಅದರಲ್ಲಿ ಕೋಳಿಯ ಸಾರೂ ಇದೆ, ಮೊಟ್ಟೆಯೂ ಇದೆ.

ವಸಂತದಲ್ಲಿ ಬಂದರೆ ಗ್ರೀಕ್ ಈಸ್ಟರ್ ತಪ್ಪಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಉಳಿದ ಕ್ರೈಸ್ತರ ಈಸ್ಟರ್ ಮುಗಿದ ಮೇಲೆ ಬರುತ್ತದೆ. ಶುಕ್ರವಾರ ರಾತ್ರಿ ಯೇಸುವಿನ ಸಮಾಧಿಯ ಗುರುತಾದ ಹೂವಿನ ಮಂಟಪವನ್ನು ಹೊತ್ತು ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ. ಹಿಂದೆ ಮೇಣದಬತ್ತಿ ಹಿಡಿದ ಜನ, ಮುದುಕರು, ಕೂಸುಗಳು. ಶನಿವಾರ ನಡುರಾತ್ರಿ ಚರ್ಚಿನ ದೀಪ ಆರಿಸಿ, ಪಾದ್ರಿಯ ಒಂದು ಬತ್ತಿಯಿಂದ ಎಲ್ಲರೂ ಬೆಳಕು ಹತ್ತಿಸಿಕೊಂಡು "ಖ್ರಿಸ್ತೋಸ್ ಅನೆಸ್ತಿ", ಅಂದರೆ ಕ್ರಿಸ್ತ ಮತ್ತೆ ಎದ್ದು ಬಂದ, ಅಂತ ಹಾಡುತ್ತಾರೆ. ಹೊರಗೆ ನಿಂತ ನಮಗೂ ಪಕ್ಕದವರು ಬತ್ತಿ ಕೊಟ್ಟಿದ್ದಾರೆ. ಮಗಳಿಗೆ ಆ ರಾತ್ರಿ ಅಂದರೆ ಪ್ರಾಣ.

ನಮ್ಮವರನ್ನು ಕಾಣಬೇಕು ಅನಿಸಿದಾಗ ದಾರಿ ಸುಲಭ. ಸ್ಟೈನ್‌ವೇ ಸ್ಟೇಷನ್ನಿನಿಂದ ಆರ್ ರೈಲು ಹತ್ತಿದರೆ ಜಾಕ್ಸನ್ ಹೈಟ್ಸ್, ಅಲ್ಲಿ 74ನೇ ಬೀದಿಯಲ್ಲಿ ಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ಅಲ್ಲೇ 7ನೇ ನಂಬರಿನ ರೈಲಿಗೆ ಬದಲಾಯಿಸಿದರೆ ಫ್ಲಶಿಂಗ್. ಅಲ್ಲಿನ ಗಣೇಶ ದೇವಸ್ಥಾನದಲ್ಲಿ 1977ರಿಂದ ಪೂಜೆ ನಡೆಯುತ್ತಿದೆ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ.

ಕರಾರಿಗೆ ಸಹಿ ಹಾಕುವ ಮುಂಚೆ ಮನೆಯನ್ನು ಸಂಜೆ ಹೊತ್ತು ಒಮ್ಮೆ ನೋಡಿ. ಎನ್ ರೈಲು 31ನೇ ಬೀದಿಯ ಮೇಲೇ ಕಂಬಗಳ ಮೇಲೆ ಓಡುತ್ತದೆ. ಆ ಬೀದಿಗೆ ಮುಖ ಮಾಡಿದ ಮನೆಯಾದರೆ ರಾತ್ರಿಯೆಲ್ಲ ಸದ್ದು. ಎರಡು ಬೀದಿ ಆಚೆ ಸಿಕ್ಕಿದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ಹಿಡಿಯಿರಿ.