ಅಟ್ಟದಲ್ಲಿ ಸಿಕ್ಕಿದ ಬಸ್ ಬೋರ್ಡು

ಪ್ರಶ್ನೆ: ಕಂಡಕ್ಟರ್ ಆಗಿದ್ದ ನಮ್ಮಪ್ಪನ ಹಳೆಯ ತಗಡಿನ ಬೋರ್ಡು ಅಟ್ಟದಲ್ಲಿ ಸಿಕ್ಕಿತು. ಒಂದು ಕಡೆ ‘ಕಳಸ’, ಇನ್ನೊಂದು ಕಡೆ ‘ಚಿಕ್ಕಮಗಳೂರು’. ಹೊಸ ಬಣ್ಣ ಹೊಡೆಸಲೇ ಸರ್?
– ಓದುಗರು, ಬಾಳೆಹೊನ್ನೂರು

ಉತ್ತರ: ದಯವಿಟ್ಟು ಬೇಡಮ್ಮ! ಆ ಅಕ್ಷರ ಪೇಂಟರ್ ಕೈಯಲ್ಲಿ ಬರೆದದ್ದು. ‘ಳ’ದ ಆ ಸುರುಳಿ ಮತ್ತೆ ಬರುವುದಿಲ್ಲ. ಬೋರ್ಡಿನ ಕೆಳಗೆ, ಬಸ್ಸು ಯಾವ ಊರಿನ ಮೇಲೆ ಹೋಗುತ್ತದೆ ಅಂತ ಸಣ್ಣಕ್ಷರದಲ್ಲಿ ಬರೆದಿದೆಯಾ ನೋಡಿ. ನಮಗೆ ಅದೇ ಮುಖ್ಯವಾಗಿತ್ತು. ಚಿಕ್ಕಮಗಳೂರಿನಿಂದ ಕಳಸಕ್ಕೆ ಆಲ್ದೂರು, ಬಾಳೆಹೊನ್ನೂರು ಮೇಲೂ ಹೋಗಬಹುದು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೂ ಹೋಗಬಹುದು. ಬರೀ ‘ಕಳಸ’ ಅಂತ ನೋಡಿ ಹತ್ತಿದರೆ ಆಲ್ದೂರಿನವರ ಗತಿ ಏನು? ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಬೋರ್ಡು ತಿರುಗಿಸಿದರೆ ಸಾಕು, ನಾವೆಲ್ಲ ಸೀಟಿಗೆ ಟವೆಲ್ ಹಾಕಲು ಓಡುತ್ತಿದ್ದೆವು.

ಈಗಿನ ಎಲ್‌ಇಡಿ ಬೋರ್ಡು ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೂ ನನಗೆ ಕೈಬರಹವೇ ಇಷ್ಟ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ತುಂಬಾ ಸಂಕಟವಾಗಿತ್ತು. ಇಂಥ ಬೋರ್ಡುಗಳನ್ನಾದರೂ ಉಳಿಸಿಕೊಳ್ಳೋಣ ಅಲ್ವಾ?

ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಉಪ್ಪುಕಾಗದ ಮುಟ್ಟಿಸಬೇಡಿ. ನಮ್ಮ ಮಳೆಗಾಲದ ತೇವಕ್ಕೆ ತಗಡು ಬೇಗ ತುಕ್ಕು ಹಿಡಿಯುತ್ತದೆ, ಒಣ ಗೋಡೆಗೇ ತೂಗುಹಾಕಿ. ಎರಡೂ ಕಡೆಯ ಫೋಟೊ ನನಗೆ ಕಳಿಸಿ.